ಮಲಗಿದವನ ಮನೆಯ ಕರೆಂಟು

ವೀಡಿಯೋ ಗೇಮುಗಳಲ್ಲಿ ಸರ್ವೈವಲ್ ಗೇಮ್ ಎಂಬ ಹೆಸರಿನ ಒಂದು ಪ್ರತ್ಯೇಕ ಪಂಗಡವಿದ್ದು, ಅಲ್ಲಿ ಆಟಗಾರನಿಗೆ ವಹಿಸುವ ಕೆಲಸ ರಾಜಕುಮಾರಿಯನ್ನು ಬಿಡಿಸಿ ತರುವುದೂ ಅಲ್ಲ, ಚೆಂಡನ್ನು ಗೋಲಿನೊಳಗೆ ನೂಕುವುದೂ ಅಲ್ಲ. ಸಾಯದೆ ಇರುವುದು ಮಾತ್ರ. ಈ ಪಂಗಡದಲ್ಲಿ ಬಹಳ ಹೆಸರು ಮಾಡಿದ, ಹೆಸರಿನ ಜೊತೆಗೆ ಸಾಕಷ್ಟು ಶಾಪವನ್ನೂ ಹಾಕಿಸಿಕೊಂಡ ಆಟವೆಂದರೆ ಇಂಗ್ಲೆಂಡಿನ ಫೇಸ್‌ಪಂಚ್ ಸ್ಟುಡಿಯೋಸ್ ಸಂಸ್ಥೆಯ ‘ರಸ್ಟ್’. 2013ರ ಡಿಸೆಂಬರಿನಲ್ಲಿ ಅರೆಬೆಂದ ರೂಪದಲ್ಲೇ ಮಾರಾಟಕ್ಕೆ ಬಂದು, 2018ರ ಫೆಬ್ರುವರಿಯಲ್ಲಿ ಪೂರ್ಣಗೊಂಡಿತೆಂದು ಸಾರಲಾದ ಈ ಆಟದಲ್ಲಿ ಪ್ರತಿಯೊಬ್ಬನೂ ಕೈಯಲ್ಲೊಂದು ಕಲ್ಲು, ಒಂದು ಪಂಜು ಇಟ್ಟುಕೊಂಡು, ಮೈಮೇಲೆ ನೂಲೆಳೆಯೂ ಇಲ್ಲದೆ ಒಂದು ದ್ವೀಪದಲ್ಲಿ ಕಣ್ಣು ಬಿಡುತ್ತಾನೆ. ಮರ ಕಡಿದು, ಕಲ್ಲು ಒಡೆದು, ಅದಿರು ಕರಗಿಸಿ ಅವನು ಕಟ್ಟಿಕೊಳ್ಳುವ ಮನೆಗೆ ಆಟಗಾರರ ಮಾತಿನಲ್ಲಿ ಬೇಸ್ ಎಂದು ಹೆಸರು. ದ್ವೀಪದಲ್ಲಿ ಕರಡಿ, ತೋಳಗಳಿದ್ದರೂ ಅವುಗಳ ಕಾಟವನ್ನು ಯಾರೂ ದೊಡ್ಡದಾಗಿ ಎಣಿಸುವುದಿಲ್ಲ. ನಿಜವಾದ ಕಾಟ ಪಕ್ಕದ ಬೇಸಿನವರದು.

ಈ ಆಟದ ಒಂದು ಕಟ್ಟಳೆಯನ್ನು ಅರಿಯದೆ ಇಲ್ಲಿನ ವಿದ್ಯುತ್ತಿನ ಮಹತ್ವ ಅರ್ಥವಾಗುವುದಿಲ್ಲ. ಆಟಗಾರ ಕಂಪ್ಯೂಟರನ್ನು ಆರಿಸಿ ಎದ್ದುಹೋದರೂ ಅವನ ಪಾತ್ರ ಆ ಲೋಕದಿಂದ ಮಾಯವಾಗದೆ, ಬೇಸಿನ ನೆಲದ ಮೇಲೆ ಮಲಗಿಯೇ ಇರುತ್ತದೆ. ಸರ್ವರ್, ಎಂದರೆ ಆ ಲೋಕವನ್ನು ನಡೆಸುವ ದೂರದ ಗಣಕಯಂತ್ರ, ಯಾರು ಬಂದರೂ ಹೋದರೂ ತನ್ನ ಪಾಡಿಗೆ ಹಗಲಿರುಳು ಓಡುತ್ತಿರುತ್ತದೆ. ಹಾಗಾಗಿ ಒಬ್ಬನು ಊಟಕ್ಕೋ ಕೆಲಸಕ್ಕೋ ನಿದ್ದೆಗೋ ಹೋದ ಹೊತ್ತು ನೋಡಿ ಅವನ ಗೋಡೆ ಒಡೆದು, ಪೆಟ್ಟಿಗೆ ದೋಚಿ, ಮಲಗಿದ್ದವನನ್ನು ಮಲಗಿದ್ದಲ್ಲೇ ಮುಗಿಸಿ ಹೋಗುವುದು ಇಲ್ಲಿ ನಿತ್ಯದ ವಿದ್ಯಮಾನ. ಆಫ್‌ಲೈನ್ ರೇಡ್ ಎಂದು ಕರೆಯಲಾಗುವ ಈ ಪದ್ಧತಿಯನ್ನು ಎಲ್ಲರೂ ಹೇಡಿತನವೆಂದು ಬೈಯುತ್ತಾರೆ, ಬೈದವರಲ್ಲಿ ಬಹುಪಾಲು ಜನ ಅವಕಾಶ ಸಿಕ್ಕಾಗ ಅದನ್ನೇ ಮಾಡುತ್ತಾರೆ. ಮೊದಮೊದಲು ಇದಕ್ಕಿದ್ದ ಉತ್ತರ ದಪ್ಪ ಗೋಡೆ, ಗಟ್ಟಿ ಬೀಗ, ಒಂದರೊಳಗೊಂದು ಕೋಣೆ ಇಷ್ಟೇ ಆಗಿತ್ತು. 2018ರ ಡಿಸೆಂಬರಿನಲ್ಲಿ ಆಟಕ್ಕೆ ವಿದ್ಯುತ್ತಿನ ವ್ಯವಸ್ಥೆ ಸೇರಿದ ಮೇಲೆ, ಮನೆಯೊಡೆಯ ಇಲ್ಲದಾಗಲೂ ಮನೆ ತಾನಾಗಿ ನೋಡಿ, ತಾನಾಗಿ ತೀರ್ಮಾನಿಸಿ, ತಾನಾಗಿ ಗುಂಡು ಹಾರಿಸುವ ಸಾಧ್ಯತೆ ವಿಶಾಲವಾಗಿ ತೆರೆದುಕೊಂಡಿತು. ಆದುದರಿಂದ ಈ ಆಟದ ಸರ್ಕ್ಯೂಟು ಬೆಳಕಿನ ಸೌಕರ್ಯಕ್ಕಾಗಿ ಮಾಡಿದ ವೈರಿಂಗ್ ಅಲ್ಲ. ಮಲಗಲು ಹೊರಟವನು ಎಚ್ಚರವಿರುವ ವಸ್ತುಗಳಿಗೆ ಬರೆದಿಟ್ಟುಹೋಗುವ ಅಪ್ಪಣೆ.

ಆಟದ ಕರೆಂಟು ನಿಜವಾದ ಕರೆಂಟಿನ ಬಡ ನೆಂಟ. ಇಲ್ಲಿ ವೋಲ್ಟೇಜ್ ಇಲ್ಲ, ಆಂಪಿಯರ್ ಇಲ್ಲ, ತಂತಿ ಉದ್ದವಾದಷ್ಟೂ ಸೋರಿಹೋಗುವ ನಷ್ಟವಿಲ್ಲ, ಶಾರ್ಟ್ ಸರ್ಕ್ಯೂಟಿನಿಂದ ಮನೆ ಹೊತ್ತಿಕೊಳ್ಳುವ ಭಯವೂ ಇಲ್ಲ. ಇರುವುದು ಪವರ್ ಎಂಬ ಒಂದೇ ಒಂದು ಪೂರ್ಣಾಂಕ. ಹೊರಗೆ ನಿಲ್ಲಿಸುವ ದೊಡ್ಡ ಸೋಲಾರ್ ಫಲಕ ಸೂರ್ಯ ನೇರಕ್ಕೆ ಬಂದಾಗ ಹೆಚ್ಚೆಂದರೆ 20 ಕೊಡುತ್ತದೆ. ಸಣ್ಣ ಜನರೇಟರು ಎಣ್ಣೆ ಕುಡಿದು 40 ಕೊಡುತ್ತದೆ. ಎತ್ತರದಲ್ಲಿ ನಿಲ್ಲಿಸಿದ ಗಾಳಿಯಂತ್ರ ಗಾಳಿಯ ಬೀಸನ್ನು ನೋಡಿಕೊಂಡು 150ರವರೆಗೂ ಏರುತ್ತದೆ, ಗಾಳಿ ಮುನಿಸಿಕೊಂಡರೆ ಪಾತಾಳಕ್ಕೂ ಇಳಿಯುತ್ತದೆ. ಖರ್ಚಿನ ಕಡೆಯಲ್ಲಿ ಸಾಧಾರಣ ದೀಪಕ್ಕೆ ಒಂದೆರಡು ಸಾಕು. ಆಟೋ ಟರೆಟ್, ಎಂದರೆ ಅಪರಿಚಿತರು ಕಂಡೊಡನೆ ತಾನೇ ತಿರುಗಿ ಗುಂಡು ಹಾರಿಸುವ ಕಾವಲು ಬಂದೂಕು, ಒಂದೊಂದಕ್ಕೆ 10 ಬೇಕು. ಆಕಾಶದಿಂದ ಹೆಲಿಕಾಪ್ಟರಿನಲ್ಲಿ ಬರುವವರನ್ನು ಹೊಡೆದುರುಳಿಸುವ ಸ್ಯಾಮ್ ಸೈಟಿಗೆ 25 ಬೇಕು. ಕಾವಲು ಬಂದೂಕಿಗೆ 10 ಎಂದರೆ 10 ಆಗಬೇಕು. ನಿಜಲೋಕದಲ್ಲಿ ವೋಲ್ಟೇಜ್ ಇಳಿದರೆ ಬಲ್ಬು ಮಂಕಾಗಿಯಾದರೂ ಉರಿಯುತ್ತದೆ, ಫ್ಯಾನು ಗೊಣಗುತ್ತಲಾದರೂ ತಿರುಗುತ್ತದೆ. ರಸ್ಟಿನ ಟರೆಟ್ಟಿಗೆ 9 ಕೊಟ್ಟರೂ ಒಂದೇ, ಸೊನ್ನೆ ಕೊಟ್ಟರೂ ಒಂದೇ. ಈ ಒರಟುತನವನ್ನು ಆಟ ರೂಪಿಸಿದವರ ಸೋಮಾರಿತನವೆಂದು ತಳ್ಳಿಹಾಕುವವರಿದ್ದಾರೆ. ಆದರೆ ಮುಂದೆ ಕಾಣುವಂತೆ, ಈ ಆಟದ ವಿದ್ಯುತ್ ರಾಜಕಾರಣವೆಲ್ಲ ಹುಟ್ಟುವುದು ಈ ಒರಟುತನದಿಂದಲೇ.

ಬ್ಯಾಟರಿಯ ಲೆಕ್ಕ ಇನ್ನೂ ರುಚಿಕರವಾದದ್ದು. ಸಂಗ್ರಹವನ್ನು ಅಳೆಯಲು ಈ ಆಟದಲ್ಲಿ ‘ರಸ್ಟ್ ವಾಟ್ ಮಿನಿಟ್’ ಎಂಬ ಸ್ವಂತ ಮಾನವೊಂದಿದ್ದು, ಒಂದು ಪವರನ್ನು ಒಂದು ನಿಮಿಷ ಕಾಲ ಕೊಡಲು ಬೇಕಾಗುವ ಸಂಗ್ರಹವೇ ಒಂದು ಘಟಕ ಎಂದು ಅದರ ಅರ್ಥ. ದೊಡ್ಡ ಬ್ಯಾಟರಿಯಲ್ಲಿ ಇಂಥ 24,000 ಘಟಕಗಳು ಹಿಡಿಸುತ್ತವೆ, ಅದು ಒಂದು ಸಲಕ್ಕೆ ಹೊರಕ್ಕೆ ಬಿಡಬಲ್ಲದ್ದು 100. ಮಧ್ಯಮ ಬ್ಯಾಟರಿಯಲ್ಲಿ 9,000 ಹಿಡಿಸುತ್ತದೆ, ಹೊರಕ್ಕೆ 50. ಸಣ್ಣದರಲ್ಲಿ 150 ಮಾತ್ರ, ಹೊರಕ್ಕೆ 10. ಹತ್ತು ಟರೆಟ್ಟುಗಳನ್ನು ನೇತುಹಾಕಿದ ದೊಡ್ಡ ಬ್ಯಾಟರಿ ನಾಲ್ಕು ಗಂಟೆಯಲ್ಲಿ ಖಾಲಿಯಾಗುತ್ತದೆ. ಐದನ್ನೇ ನೇತುಹಾಕಿದರೆ ಅದೇ ಬ್ಯಾಟರಿ ಎಂಟು ಗಂಟೆ, ಎಂದರೆ ಒಬ್ಬ ಮನುಷ್ಯನ ತುಂಬು ನಿದ್ದೆಯಷ್ಟು ಕಾಲ, ಬಾಳುತ್ತದೆ. ಬಂದೂಕು ಹೆಚ್ಚಿದಷ್ಟೂ ಕಾವಲು ಬಲವಾಗುತ್ತದೆಂದು ಭಾವಿಸಿ ಗೋಡೆಯ ತುಂಬ ಟರೆಟ್ಟು ಜಡಿದವನ ಬೇಸು ಬೆಳಗಿನ ಜಾವದ ಹೊತ್ತಿಗೆ ಕುರುಡಾಗಿರುವುದು ಹೀಗೆ. ಸೂರ್ಯನಿಂದ ಮರಳಿ ತುಂಬಿಕೊಳ್ಳಬಹುದಲ್ಲ ಎಂದರೆ, ತುಂಬುವಾಗ ಐದರಲ್ಲಿ ಒಂದು ಪಾಲು ದಾರಿಯಲ್ಲೇ ಹೋಗುತ್ತದೆ. 20 ಒಳಗೆ ಹರಿದರೆ ಉಳಿಯುವುದು 16. ಆಟದ ಲೋಕದ ಒಂದು ಹಗಲು-ರಾತ್ರಿ ನಮ್ಮ ಗಡಿಯಾರದ ಸುಮಾರು ಒಂದು ಗಂಟೆಯಲ್ಲಿ ಮುಗಿಯುವುದರಿಂದ, ಆಟಗಾರನ ಒಂದು ನಿದ್ದೆಯಲ್ಲಿ ಅಲ್ಲಿನ ಸೂರ್ಯ ಏಳೆಂಟು ಸಲ ಹುಟ್ಟಿ ಮುಳುಗಿರುತ್ತಾನೆ. ಪ್ರತಿ ಸಲವೂ ಅವನು ಓರೆಯಾಗಿ ಬಂದು ಓರೆಯಾಗಿ ಹೋಗುವಾಗ ಫಲಕದ ಇಳುವರಿ 20ಕ್ಕಿಂತ ಬಹಳ ಕೆಳಗೇ ಇರುತ್ತದೆ. ಆದಾಯ ಬಿಟ್ಟುಬಿಟ್ಟು ಬರುವಾಗ, ಖರ್ಚು ಮಾತ್ರ ನಿಲ್ಲದೆ ನಡೆಯುವಾಗ ಮನೆ ನಡೆಸಬೇಕಾದವನ ಸಂಕಟ ಯಾವ ಸಂಸಾರಸ್ಥನಿಗೂ ಹೊಸದೇನಲ್ಲ.

ಇರುವುದು ಎಲ್ಲಕ್ಕೂ ಸಾಲದು ಎಂಬುದು ಗೊತ್ತಾದ ಮೇಲೆ ಏಳುವ ಪ್ರಶ್ನೆ ಹಂಚಿಕೆಯದು. ಇದಕ್ಕೆ ಆಟ ಎರಡು ಸಾಧನಗಳನ್ನು ಕೊಟ್ಟಿದೆ. ಮೊದಲನೆಯದು ಸ್ಪ್ಲಿಟರ್: ಒಂದು ಕಡೆಯಿಂದ ಬಂದದ್ದನ್ನು ಮೂರು ದಾರಿಗಳಿಗೆ ಸಮಪಾಲು ಮಾಡಿ ಕಳುಹಿಸುವ ಪೆಟ್ಟಿಗೆ. ಎರಡನೆಯದು ಎಲೆಕ್ಟ್ರಿಕಲ್ ಬ್ರಾಂಚ್: ಬಂದದ್ದರಲ್ಲಿ ಮೊದಲು ಇಂತಿಷ್ಟನ್ನು ಒಂದು ಕವಲಿಗೆ ಎತ್ತಿಕೊಟ್ಟು, ಮಿಕ್ಕದ್ದನ್ನು ಮುಂದಕ್ಕೆ ಬಿಡುವ ಪೆಟ್ಟಿಗೆ, ಎತ್ತಿಕೊಡುವ ಆ ಮೊತ್ತ ಎಷ್ಟಿರಬೇಕೆಂಬುದನ್ನು ಆಟಗಾರನೇ ಅಂಕಿಯಲ್ಲಿ ನಮೂದಿಸಬೇಕು. ಹೊಸಬರು ಸಹಜವಾಗಿಯೇ ಸ್ಪ್ಲಿಟರಿಗೆ ಮಾರುಹೋಗುತ್ತಾರೆ, ಏಕೆಂದರೆ ಸಮಪಾಲು ನ್ಯಾಯದಂತೆ ಕಾಣುತ್ತದೆ, ಲೆಕ್ಕದ ತಲೆನೋವೂ ಇಲ್ಲ. ಮೂರು ಟರೆಟ್ಟುಗಳನ್ನು ಸ್ಪ್ಲಿಟರಿಗೆ ಕಟ್ಟಿ, ಮೂಲದಿಂದ 30 ಬರುವವರೆಗೆ ಎಲ್ಲವೂ ಸುಗಮ. ಸೂರ್ಯ ವಾಲಿಯೋ ಗಾಳಿ ಇಳಿದೋ ಅದು 29 ಆದ ಕ್ಷಣ ಮೂರಕ್ಕೂ 10ಕ್ಕಿಂತ ಕಡಿಮೆ ಬಂದು, ಮೂರೂ ಒಟ್ಟಿಗೆ ತಲೆ ಬಾಗಿಸುತ್ತವೆ. ಒಂದು ಅಂಕಿ ಕೊರೆಯಾದದ್ದಕ್ಕೆ ಇಡೀ ಕಾವಲು ಕುಸಿಯುತ್ತದೆ. ಅದೇ 29ನ್ನು ಬ್ರಾಂಚುಗಳ ಸರಪಳಿಯಲ್ಲಿ ಹಾಯಿಸಿದರೆ ಮೊದಲನೆಯದು ತನ್ನ 10 ತೆಗೆದುಕೊಳ್ಳುತ್ತದೆ, ಎರಡನೆಯದೂ ತನ್ನ 10 ತೆಗೆದುಕೊಳ್ಳುತ್ತದೆ, ಮೂರನೆಯದು ಮಾತ್ರ ಉಪವಾಸ ಬೀಳುತ್ತದೆ; ಎರಡು ಬಂದೂಕುಗಳು ಬದುಕಿರುವ ಮನೆಗೂ ಒಂದೂ ಇಲ್ಲದ ಮನೆಗೂ ಇರುವ ಅಂತರವನ್ನು ದಾಳಿಗೆ ಬಂದವರು ಚೆನ್ನಾಗಿ ಬಲ್ಲರು.

ಮೈಸೂರು ಸೀಮೆಯ ಕೆರೆ ಕೆಳಗಿನ ಊರುಗಳಲ್ಲಿ ನೀರುಗಂಟಿ ಎಂಬವನೊಬ್ಬನಿರುತ್ತಿದ್ದುದನ್ನು, ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವ ಸರದಿಯಲ್ಲಿ ಎಷ್ಟು ನೀರೆಂಬುದನ್ನು ಅವನೇ ನಿಭಾಯಿಸುತ್ತಿದ್ದುದನ್ನು ಬಲ್ಲವರಿಗೆ ಬ್ರಾಂಚಿನ ಕೆಲಸವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕೆರೆ ಅರ್ಧವೇ ತುಂಬಿದ ವರ್ಷ ಎಲ್ಲ ಗದ್ದೆಗೂ ಒಂದೊಂದು ಚೊಂಬು ಚಿಮುಕಿಸಿದರೆ ಎಲ್ಲ ಪೈರೂ ಒಣಗುತ್ತದೆಂಬುದು ಅವನಿಗೆ ತಿಳಿದಿತ್ತು. ಆದರೆ ನೀರುಗಂಟಿಗೆ ಕಣ್ಣೂ ಇತ್ತು, ನೆರೆಹೊರೆಯ ಹಂಗೂ ಇತ್ತು. ಬ್ರಾಂಚಿಗೆ ಎರಡೂ ಇಲ್ಲದ ಕಾರಣ, ಬರಗಾಲದಲ್ಲಿ ಯಾರು ಒಣಗಬೇಕೆಂಬುದನ್ನು ಮಳೆ ಸುರಿಯುವಾಗಲೇ ತೀರ್ಮಾನಿಸಿ ಬರೆದಿಡುವ ಹೊಣೆ ಪೂರ್ತಿಯಾಗಿ ಆಟಗಾರನ ತಲೆಯ ಮೇಲೆ ಬೀಳುತ್ತದೆ. ಪೆಟ್ಟಿಗೆಗಳಿರುವ ಒಳಕೋಣೆಯ ಬಂದೂಕು ಮೊದಲೋ, ಹೆಬ್ಬಾಗಿಲಿನದು ಮೊದಲೋ, ಮಾಳಿಗೆಯದೋ. ಕೊನೆಗೆ ಅಂದಕ್ಕೆಂದು ಹಾಕಿದ ಬಣ್ಣದ ದೀಪಗಳಿಗೆ ಸಾಲಿನ ತುದಿಯಲ್ಲಾದರೂ ಜಾಗವಿದೆಯೋ ಇಲ್ಲವೋ. ಬ್ರಾಂಚುಗಳ ಸಾಲನ್ನು ಮೂಲದಿಂದ ತುದಿಯವರೆಗೆ ಒಮ್ಮೆ ನೋಡಿದರೆ ಆ ಮನೆಯವನು ಯಾವುದಕ್ಕೆ ಹೆದರುತ್ತಾನೆ ಎಂಬುದು ಸ್ಪಷ್ಟವಾಗಿ ತಿಳಿದುಹೋಗುತ್ತದೆ.

ಮೂಲಗಳನ್ನು ಕೂಡಿಸುವ ವಿಚಾರದಲ್ಲಿ ಹೊಸಬರನ್ನು ಎಡವಿಸುವ ಒಂದು ಕಲ್ಲಿದೆ. ಎರಡು ಸೋಲಾರ್ ಫಲಕಗಳಿಂದ ಬಂದ 20 ಮತ್ತು 20ನ್ನು ಆರ್ ಸ್ವಿಚ್ ಎಂಬ ಪೆಟ್ಟಿಗೆಗೆ ಕೊಟ್ಟರೆ 40 ಬರುವುದಿಲ್ಲ; ಅದು ಎರಡರಲ್ಲಿ ಹೆಚ್ಚಿನದನ್ನು ಮಾತ್ರ ಮುಂದಕ್ಕೆ ಬಿಡುವುದರಿಂದ 20 ಬರುತ್ತದೆ. ಕೂಡಿಸುವ ಕೆಲಸಕ್ಕೆ ರೂಟ್ ಕಂಬೈನರ್ ಎಂಬ ಬೇರೆಯೇ ಸಾಧನವಿದ್ದು, ಅದು ಫಲಕ, ಗಾಳಿಯಂತ್ರ, ಜನರೇಟರು, ಬ್ಯಾಟರಿಗಳಂಥ ಮೂಲಗಳನ್ನೇ ಬಯಸುತ್ತದೆ. ಹಾಗಾದರೆ ಕೂಡಿಸಲಾರದ ಆರ್ ಸ್ವಿಚ್ಚಿನಿಂದ ಪ್ರಯೋಜನವೇನೆಂದರೆ, ಮೀಸಲು ವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಮುಖ್ಯ ತಂತಿಯನ್ನು ಅದರ ಒಂದು ಕಿವಿಗೂ, ಒಳಮನೆಯಲ್ಲಿ ಬಚ್ಚಿಟ್ಟ ಮೀಸಲು ಬ್ಯಾಟರಿಯ ತಂತಿಯನ್ನು ಇನ್ನೊಂದು ಕಿವಿಗೂ ಕೊಟ್ಟು, ಮೀಸಲು ಬ್ಯಾಟರಿಯ ದಾರಿಯಲ್ಲಿ ಬ್ಲಾಕರ್ ಎಂಬ ತಡೆಯೊಂದನ್ನು ಕೂರಿಸಬೇಕು. ತನ್ನ ಪಕ್ಕದ ತೂತಿಗೆ ಕರೆಂಟು ಬರುತ್ತಿರುವಷ್ಟು ಹೊತ್ತು ದಾರಿಯನ್ನು ಮುಚ್ಚಿಡುವುದು, ಅದು ನಿಂತೊಡನೆ ತೆರೆಯುವುದು ಬ್ಲಾಕರಿನ ಸ್ವಭಾವ. ಆ ತೂತಿಗೆ ಮುಖ್ಯ ತಂತಿಯಿಂದಲೇ ಒಂದು ಕವಲು ಎಳೆದರೆ, ಮುಖ್ಯ ತಂತಿ ಜೀವಂತವಿರುವವರೆಗೆ ಮೀಸಲಿನ ಒಂದು ಹನಿಯೂ ಖರ್ಚಾಗುವುದಿಲ್ಲ, ಮುಖ್ಯ ತಂತಿ ಸತ್ತ ಕೂಡಲೇ ಯಾರ ಅಪ್ಪಣೆಗೂ ಕಾಯದೆ ಮೀಸಲು ಎದ್ದು ನಿಲ್ಲುತ್ತದೆ. ಮಾಳಿಗೆಯ ಮೇಲಿನ ಫಲಕವನ್ನು ಒಡೆದು ಹಾಕಿ, ಇನ್ನು ಒಳಗೆ ಕತ್ತಲೆಂದು ನಂಬಿ ನುಗ್ಗಿದವನಿಗೆ ಟರೆಟ್ಟುಗಳು ಯಥಾಪ್ರಕಾರ ಸ್ವಾಗತ ಕೋರುವುದು ಈ ಮೂರು ಪೆಟ್ಟಿಗೆಗಳ ದಯೆಯಿಂದ.

ಆರ್ ಸ್ವಿಚ್ ಮತ್ತು ಅದರ ಜೊತೆಗೆ ಆಟದಲ್ಲಿರುವ ಆಂಡ್, ಎಕ್ಸಾರ್ ಎಂಬ ಪೆಟ್ಟಿಗೆಗಳ ವಂಶಾವಳಿ ಆಟಕ್ಕಿಂತ ಬಹಳ ಹಳೆಯದು. ಹೌದು ಮತ್ತು ಅಲ್ಲ ಎಂಬ ಎರಡೇ ಮೌಲ್ಯಗಳಿಂದ ತರ್ಕವನ್ನೆಲ್ಲ ಬೀಜಗಣಿತದಂತೆ ನಡೆಸಬಹುದೆಂದು ಜಾರ್ಜ್ ಬೂಲ್ 1854ರ ತನ್ನ ಗ್ರಂಥದಲ್ಲಿ ತೋರಿಸಿದ್ದ. ಆ ಬೀಜಗಣಿತ ಮತ್ತು ಸ್ವಿಚ್ಚು-ರಿಲೇಗಳ ಜೋಡಣೆ ಒಂದೇ ವಸ್ತುವಿನ ಎರಡು ಮುಖಗಳೆಂಬುದನ್ನು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಕ್ಲಾಡ್ ಶಾನನ್ 1937ರ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಸಾಧಿಸಿದ. ಇಂದಿನ ಕಂಪ್ಯೂಟರೆಲ್ಲ ಆ ಪ್ರಬಂಧದ ಮಗ್ಗುಲಲ್ಲೇ ಬೆಳೆದುದು. ಕಂಪ್ಯೂಟರಿನೊಳಗೆ ಓಡುವ ಆಟವೊಂದರೊಳಗೆ ಹದಿಹರೆಯದ ಹುಡುಗನೊಬ್ಬ ಬಾಗಿಲು ಮುಚ್ಚಲೆಂದು ಅದೇ ಸರ್ಕ್ಯೂಟನ್ನು ಮತ್ತೆ ಕಟ್ಟುತ್ತಾನೆ, ಬೂಲನ ಹೆಸರನ್ನೂ ಕೇಳದೆ. ಇದರಲ್ಲಿ ಅಚ್ಚರಿಪಡಬೇಕಾದದ್ದೂ ಇಲ್ಲ. ಮಹಡಿ ಮೆಟ್ಟಿಲಿನ ಕೆಳಗೊಂದು ಮೇಲೊಂದು ಸ್ವಿಚ್ಚು ಇಟ್ಟು, ಯಾವುದನ್ನು ಒತ್ತಿದರೂ ದೀಪ ಬದಲಾಗುವಂತೆ ಮಾಡುವ ಟೂ-ವೇ ವೈರಿಂಗನ್ನು ನಮ್ಮ ಊರುಗಳ ವೈರ್‌ಮನ್ನರು ದಶಕಗಳಿಂದ ಮಾಡುತ್ತ ಬಂದಿದ್ದಾರೆ. ಎರಡರಲ್ಲಿ ಸರಿಯಾಗಿ ಒಂದು ಮಾತ್ರ ಹೌದಾಗಿದ್ದಾಗ ಹೌದೆನ್ನುವ ಎಕ್ಸಾರ್ ಅಂದರೆ ಅದೇ.

ಇವೆಲ್ಲವೂ ಆ ಕ್ಷಣದ ಸ್ಥಿತಿಗೆ ಮಾತ್ರ ಉತ್ತರಿಸುವ ಸಾಧನಗಳು. ಕಳೆದುಹೋದ ಕ್ಷಣವನ್ನು ನೆನಪಿಡಬಲ್ಲದ್ದು ಮೆಮೊರಿ ಸೆಲ್. ಅದಕ್ಕೆ ಸೆಟ್ ಎಂಬ ಕಡೆಯಿಂದ ಒಮ್ಮೆ ಕರೆಂಟು ಮುಟ್ಟಿಸಿದರೆ, ಮುಟ್ಟಿಸಿದ್ದು ನಿಂತುಹೋದ ಮೇಲೂ ಅದು ‘ಹೌದು’ ಎಂದೇ ಇರುತ್ತದೆ, ರೀಸೆಟ್ ಮುಟ್ಟಿಸುವವರೆಗೆ. ಅದರ ಇನ್ನೊಂದು ಹೊರದಾರಿ ಯಾವಾಗಲೂ ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. ಬ್ರಿಟನ್ನಿನ ಎಕ್ಲ್ಸ್ ಮತ್ತು ಜಾರ್ಡನ್ ಎಂಬವರು 1918ರಲ್ಲಿ ನಿರ್ವಾತ ಕೊಳವೆಗಳಿಂದ ರೂಪಿಸಿದ ಫ್ಲಿಪ್-ಫ್ಲಾಪಿನ ಕಿರಿಯ ಸೋದರನಿದು. ಇದನ್ನು ಎಚ್‌ಬಿಎಚ್‌ಎಫ್ ಎಂಬ, ಸುತ್ತಲಿನ ಎದೆಬಡಿತ ಕೇಳಿ ಎಷ್ಟು ಜನರಿದ್ದಾರೋ ಅಷ್ಟು ಪವರ್ ಹೊರಕ್ಕೆ ಕೊಡುವ ಸಂವೇದಕದೊಂದಿಗೆ ಕಟ್ಟಿದಾಗ ಸರ್ಕ್ಯೂಟು ಮೊದಲ ಬಾರಿಗೆ ಬುದ್ಧಿವಂತನಂತೆ ವರ್ತಿಸತೊಡಗುತ್ತದೆ. ಮನೆಯವರನ್ನು ಬಿಟ್ಟು ಹೊರಗಿನವರನ್ನಷ್ಟೇ ಎಣಿಸುವಂತೆ ಆ ಸಂವೇದಕಕ್ಕೆ ಹೇಳಿಡಲು ಸಾಧ್ಯವಿದೆ.

ಒಂದು ಬಾಗಿಲನ್ನು ಹತ್ತಿರದಿಂದ ನೋಡಬಹುದು. ಹೆಬ್ಬಾಗಿಲು ಮತ್ತು ಒಳಕೋಣೆಗಳ ನಡುವಿನ ಬಾಗಿಲು ಮನೆಯವರ ಓಡಾಟಕ್ಕೆ ಸದಾ ತೆರೆದಿರಬೇಕು, ಅಪರಿಚಿತನೊಬ್ಬ ಒಳಹೊಕ್ಕರೆ ಮುಚ್ಚಿಕೊಳ್ಳಬೇಕು, ಅವನು ಹೊರಟುಹೋದ ಮೇಲೂ ಮನೆಯವರು ಬಂದು ಗುಂಡಿ ಒತ್ತುವವರೆಗೆ ಮುಚ್ಚಿಯೇ ಇರಬೇಕು. ಡೋರ್ ಕಂಟ್ರೋಲರ್ ಎಂಬ ಸಾಧನ ಕರೆಂಟು ಬಂದಾಗ ಬಾಗಿಲನ್ನು ತೆರೆಯುತ್ತದೆ, ಹೋದಾಗ ಮುಚ್ಚುತ್ತದೆ. ಸಂವೇದಕದ ತಂತಿಯನ್ನು ಮೆಮೊರಿ ಸೆಲ್ಲಿನ ಸೆಟ್ಟಿಗೆ, ಒಂದು ಗುಂಡಿಯನ್ನು ರೀಸೆಟ್ಟಿಗೆ, ಸೆಲ್ಲಿನ ವಿರುದ್ಧ ಹೊರದಾರಿಯನ್ನು ಡೋರ್ ಕಂಟ್ರೋಲರಿಗೆ ಜೋಡಿಸಿದರೆ ಕೆಲಸ ಮುಗಿಯಿತು. ಎಲ್ಲವೂ ಶಾಂತವಾಗಿರುವಾಗ ವಿರುದ್ಧ ದಾರಿಯಲ್ಲಿ ಕರೆಂಟು ಹರಿದು ಬಾಗಿಲು ತೆರೆದಿರುತ್ತದೆ. ಪರರ ಎದೆಬಡಿತ ಕೇಳಿದೊಡನೆ ಸೆಲ್ಲು ಮಗುಚಿ ಬಾಗಿಲು ಬೀಳುತ್ತದೆ. ಈ ಜೋಡಣೆಯ ಸೊಗಸು ಇಷ್ಟರಲ್ಲೇ ಮುಗಿಯುವುದಿಲ್ಲ. ಕಳ್ಳನು ಜಾಣನಾಗಿದ್ದು ಮೊದಲೇ ಬ್ಯಾಟರಿಯನ್ನು ಒಡೆದನೆಂದರೆ, ಸಂವೇದಕ ಸತ್ತಿತು, ಸೆಲ್ಲೂ ಸತ್ತಿತು, ಆದರೆ ಡೋರ್ ಕಂಟ್ರೋಲರಿಗೂ ಕರೆಂಟು ತಪ್ಪಿದ್ದರಿಂದ ಬಾಗಿಲು ಮುಚ್ಚಿಕೊಂಡೇ ಸತ್ತಿತು. ಇದೇ ತರ್ಕವನ್ನು ತಲೆಕೆಳಗು ಮಾಡಿ, ಆಪತ್ತಿನಲ್ಲಿ ಕರೆಂಟು ಹರಿದರೆ ಮಾತ್ರ ಕಾವಲು ಎಚ್ಚರಗೊಳ್ಳುವಂತೆ ಕಟ್ಟಿದವನಿಗೆ ಈ ರಕ್ಷಣೆ ಸಿಗುವುದಿಲ್ಲ. ರೈಲಿನ ಬ್ರೇಕು ಕೊಳವೆಯಲ್ಲಿ ಗಾಳಿಯ ಒತ್ತಡವಿದ್ದಾಗ ಸಡಿಲವಾಗಿದ್ದು, ಕೊಳವೆ ಹರಿದು ಒತ್ತಡ ಹೋದರೆ ತಾನಾಗಿ ಬಿಗಿಯುವಂತೆ ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ರೂಪಿಸಿದ್ದು ಇದೇ ವಿವೇಕದಿಂದ: ಎಲ್ಲವೂ ಕೈಕೊಟ್ಟಾಗ ವಸ್ತು ಯಾವ ಸ್ಥಿತಿಗೆ ಬೀಳಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಉಳಿದದ್ದನ್ನು ಆಮೇಲೆ ಕಟ್ಟುವುದು. ರಸ್ಟಿನ ಸರ್ಕ್ಯೂಟುಗಳನ್ನು ಅಳೆಯಲು ಇದಕ್ಕಿಂತ ಉತ್ತಮ ಮಾನದಂಡ ಬೇರೊಂದಿಲ್ಲ. ನೂರು ತಂತಿಗಳ ಚಮತ್ಕಾರದ ಸರ್ಕ್ಯೂಟೊಂದು ಸೊನ್ನೆ ಪವರಿನಲ್ಲಿ ಹೆಬ್ಬಾಗಿಲನ್ನು ತೆರೆದಿಡುವುದಾದರೆ ಅದು ಅಲಂಕಾರವೇ ಹೊರತು ಕಾವಲಲ್ಲ.

ಟರೆಟ್ಟುಗಳಿಗೂ ಹೊರದಾರಿಗಳಿವೆ. ಗುರಿ ಸಿಕ್ಕಿತು, ಗುಂಡು ಕಡಿಮೆಯಾಯಿತು, ಗುಂಡು ಮುಗಿಯಿತು ಎಂಬ ಮೂರು ಸುದ್ದಿಗಳನ್ನು ಅವು ತಂತಿಯ ಮೂಲಕ ತಿಳಿಸಬಲ್ಲವು. 2020ರಲ್ಲಿ ಬಂದ ‘ರಸ್ಟ್ ಪ್ಲಸ್’ ಎಂಬ ಮೊಬೈಲ್ ಆ್ಯಪಿನಿಂದ ಈ ಸುದ್ದಿ ಆಟದ ಲೋಕವನ್ನು ದಾಟಿ ಮನುಷ್ಯನ ಜೇಬಿಗೆ ಬಂತು: ಸ್ಮಾರ್ಟ್ ಅಲಾರ್ಮ್ ಎಂಬ ಪೆಟ್ಟಿಗೆಗೆ ಕರೆಂಟು ತಗುಲಿದರೆ ಆಟಗಾರನ ಫೋನಿಗೆ ಸಂದೇಶ ಬೀಳುತ್ತದೆ, ಸ್ಮಾರ್ಟ್ ಸ್ವಿಚ್ಚನ್ನು ಫೋನಿನಿಂದಲೇ ಒತ್ತಬಹುದು. ಇದನ್ನು ಬಹಳ ಮಂದಿ ವರವೆಂದು ಕೊಂಡಾಡಿದರು. ನಡುರಾತ್ರಿ ಮೂರು ಗಂಟೆಗೆ ದಿಂಬಿನಡಿಯ ಫೋನು ಮಿಡಿದು, ಇಲ್ಲದ ದ್ವೀಪದ ಇಲ್ಲದ ಬಾಗಿಲನ್ನು ಕಾಯಲು ಮನುಷ್ಯ ಎದ್ದು ಕೂರುವಂತಾಗುವುದನ್ನು ವರವೆನ್ನುವುದು ಕಷ್ಟ. ಮಲಗಿದವನ ಪರವಾಗಿ ಎಚ್ಚರವಿರಲೆಂದು ಕಟ್ಟಿದ ಸರ್ಕ್ಯೂಟು ಕೊನೆಗೆ ಮಲಗಿದವನನ್ನೇ ಎಬ್ಬಿಸುವುದಾದರೆ ಅದನ್ನು ಕಟ್ಟಿದ ಉದ್ದೇಶವೇ ಸೋತಂತೆ. ತಂತಿಯಿಲ್ಲದೆ ನಾಲ್ಕಂಕಿಯೊಳಗಿನ ತರಂಗಾಂಕದ ಮೂಲಕ ಸುದ್ದಿ ಕಳಿಸುವ ಆರ್‌ಎಫ್ ಸಾಧನಗಳ ವಿಷಯದಲ್ಲೂ ಎಚ್ಚರ ಬೇಕು; ಅದೇ ಅಂಕಿಯನ್ನು ಇನ್ನೊಬ್ಬನು ಒತ್ತಿಕೊಂಡರೆ ಒಬ್ಬನ ಗುಟ್ಟು ಇಬ್ಬರದಾಗುತ್ತದೆ.

ಗುಂಪು ಕಟ್ಟಿ ಆಡುವವರಲ್ಲಿ ಕಾಲಕ್ರಮೇಣ ಎಲೆಕ್ಟ್ರಿಷಿಯನ್ ಎಂಬ ಹುದ್ದೆಯೇ ಹುಟ್ಟಿಕೊಂಡಿದೆ. ಉಳಿದವರು ಬಂದೂಕು ಹಿಡಿದು ಊರೂರು ಸುತ್ತುತ್ತಿರುವಾಗ ಇವನು ಬೇಸಿನ ಒಂದು ಮೂಲೆಯಲ್ಲಿ ವೈರ್ ಟೂಲ್ ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತಾನೆ. ಯುದ್ಧದ ವರ್ಣನೆಗಳಲ್ಲಿ ಇವನ ಹೆಸರು ಬರುವುದಿಲ್ಲ, ಟರೆಟ್ಟು ಕೆಟ್ಟ ದಿನ ಮಾತ್ರ ಎಲ್ಲರ ಬಾಯಲ್ಲೂ ಬರುತ್ತದೆ. ಆಟಕ್ಕೆ ಇಳಿಯುವ ಮೊದಲೇ ಸರ್ಕ್ಯೂಟನ್ನು ಬರೆದು ಪರೀಕ್ಷಿಸಲು ಅಭಿಮಾನಿಗಳು ರೂಪಿಸಿದ ‘ರಸ್ಟ್ರಿಷಿಯನ್’ ಎಂಬ ಅನುಕರಣ ತಂತ್ರಾಂಶವೂ ಇದೆ. ತಂತಿಗಳಿಗೆ ಬೇರೆಬೇರೆ ಬಣ್ಣ ಕೊಡಲು ಅವಕಾಶವಿರುವುದರಿಂದ, ಮೂಲದಿಂದ ಬರುವುದಕ್ಕೊಂದು, ಬಂದೂಕಿಗೆ ಹೋಗುವುದಕ್ಕೊಂದು, ಬಾಗಿಲಿಗೊಂದು ಬಣ್ಣವೆಂದು ಶಿಸ್ತಿನಿಂದ ಎಳೆಯುವವರಿದ್ದಾರೆ; ಎಲ್ಲವನ್ನೂ ಒಂದೇ ಬಣ್ಣದಲ್ಲಿ ಜೇಡರಬಲೆಯಂತೆ ಹೆಣೆದು ‘ನನಗೆ ಗೊತ್ತಾಗುತ್ತದೆ ಬಿಡು’ ಎನ್ನುವವರೂ ಇದ್ದಾರೆ. ಎರಡನೆಯ ಜಾತಿಯವನು ಪರೀಕ್ಷೆಯೆಂದು ವಾರ ರಜೆ ಹಾಕಿದಾಗ ಅವನ ಗೆಳೆಯರು ಅನುಭವಿಸುವ ಯಾತನೆ, ಹಳೆಯ ಮನೆ ಕೊಂಡು ಹಿಂದಿನವರ ವೈರಿಂಗಿನಲ್ಲಿ ಒಂದು ಫ್ಯೂಸು ಹುಡುಕುವವರಿಗೆ ಮಾತ್ರ ಅರ್ಥವಾಗುವಂಥದ್ದು.

ಬೇಸಿನ ವಿದ್ಯುತ್ತನ್ನು ನಿಭಾಯಿಸುವ ಆಟ ರಸ್ಟ್ ಒಂದೇ ಅಲ್ಲ. ಕೆನಡಾದ ಕ್ಲೈ ಸಂಸ್ಥೆ 2019ರಲ್ಲಿ ಪೂರ್ಣಗೊಳಿಸಿದ ‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’ ಎಂಬ, ಕ್ಷುದ್ರಗ್ರಹವೊಂದರ ಒಡಲಿನಲ್ಲಿ ವಸಾಹತು ಹೂಡುವ ಆಟದಲ್ಲಿ ಭೌತಶಾಸ್ತ್ರಕ್ಕೆ ಹೆಚ್ಚು ಮರ್ಯಾದೆಯಿದೆ. ಅಲ್ಲಿನ ಸಾಧಾರಣ ತಂತಿ 1,000 ವಾಟ್ ಮೀರಿದರೆ ಹಾಳಾಗತೊಡಗುತ್ತದೆ. 20,000 ವಾಟ್ ತಡೆಯುವ ದಪ್ಪ ತಂತಿಯನ್ನು ಎಳೆಯಬಹುದಾದರೂ, ಅದು ಎಷ್ಟು ಕುರೂಪಿಯೆಂದರೆ ಅದನ್ನು ನೋಡುತ್ತ ಬದುಕಬೇಕಾದ ನಿವಾಸಿಗಳ ಮನಸ್ಸೇ ಕೆಡುತ್ತದೆ. ತಂತಿಯ ವಿಕಾರಕ್ಕೂ ಮನೆಯವರ ನೆಮ್ಮದಿಗೂ ಸಂಬಂಧ ಕಲ್ಪಿಸಿದ ಈ ಆಟದ ಕರ್ತೃಗಳು ನಮ್ಮ ಬೀದಿಗಳ ಕಂಬಗಳನ್ನು ನೋಡಿದವರೇ ಇರಬೇಕೆಂದು ಯಾರಾದರೂ ಶಂಕಿಸಿದರೆ ತಪ್ಪಿಲ್ಲ. ಅಲ್ಲಿನ ಸ್ಮಾರ್ಟ್ ಬ್ಯಾಟರಿ ವಿಶೇಷವಾಗಿ ಗಮನಾರ್ಹ. ಸಂಗ್ರಹ ಒಂದು ಕೆಳಮಿತಿಗೆ ಇಳಿದಾಗ ಕಲ್ಲಿದ್ದಲ ಜನರೇಟರನ್ನು ಹೊತ್ತಿಸು ಎಂದು ಸಂಕೇತ ಕೊಟ್ಟು, ಮೇಲ್ಮಿತಿಗೆ ಏರಿದ ಬಳಿಕವೇ ಆರಿಸು ಎನ್ನುವ ಅದರ ಕ್ರಮದಿಂದ ಎರಡು ಲಾಭಗಳಿವೆ: ತುಂಬಿದ ಬ್ಯಾಟರಿಗೆ ಇನ್ನೂ ಸುರಿಯುತ್ತ ಕಲ್ಲಿದ್ದಲು ಪೋಲಾಗುವುದಿಲ್ಲ, ಎರಡು ಮಿತಿಗಳ ನಡುವೆ ಅಂತರವಿರುವುದರಿಂದ ಜನರೇಟರು ಕ್ಷಣಕ್ಕೊಮ್ಮೆ ಹೊತ್ತಿ ಆರುವ ಚಡಪಡಿಕೆಯೂ ಇರುವುದಿಲ್ಲ. ಅಲ್ಲಿ ಶತ್ರುವೆಂದರೆ ಶಾಖ, ಉಸಿರುಗಟ್ಟಿಸುವ ಅನಿಲ, ಕಲ್ಲಿದ್ದಲಿನ ಅಭಾವ; ಇವುಗಳಲ್ಲಿ ಯಾವುದೂ ಹೊಂಚು ಹಾಕುವುದಿಲ್ಲ, ಆದ್ದರಿಂದ ಅಲ್ಲಿನ ಸರ್ಕ್ಯೂಟು ಮಿತವ್ಯಯದ ಕಡೆಗೆ ಬೆಳೆಯುತ್ತದೆ. ರಸ್ಟಿನಲ್ಲಿ ಶತ್ರು ಮನುಷ್ಯನಾದ್ದರಿಂದ ಸರ್ಕ್ಯೂಟು ಸಂಶಯದ ಕಡೆಗೆ ಬೆಳೆಯುತ್ತದೆ.

ಆ ಮನುಷ್ಯನ ದೃಷ್ಟಿಯಿಂದಲೂ ಒಮ್ಮೆ ನೋಡಬೇಕು. ದಾಳಿಗೆ ಹೊರಟವನಿಗೆ ಮಾಳಿಗೆಯ ಸೋಲಾರ್ ಫಲಕಗಳು ಮೊದಲ ಸುಳಿವು. ಫಲಕಗಳ ಸಂಖ್ಯೆ ನೋಡಿ ಒಳಗೆಷ್ಟು ಟರೆಟ್ಟುಗಳನ್ನು ಸಾಕಲು ಸಾಧ್ಯವೆಂದು ಅವನು ಅಂದಾಜಿಸುತ್ತಾನೆ, ಫಲಕದಿಂದ ತಂತಿ ಯಾವ ಗೋಡೆಯ ಕಡೆ ಇಳಿಯುತ್ತದೆಂದು ನೋಡಿ ಬ್ಯಾಟರಿಯ ಕೋಣೆಯನ್ನು ಊಹಿಸುತ್ತಾನೆ. ಹೆಬ್ಬಾಗಿಲನ್ನು ಹಗುರವಾಗಿ ಕೆಣಕಿ, ಟರೆಟ್ಟಿನ ಗುಂಡುಗಳೆಲ್ಲ ವ್ಯರ್ಥವಾಗುವಂತೆ ಮಾಡಿ ಆಮೇಲೆ ನಿಜವಾದ ಕೆಲಸಕ್ಕೆ ತೊಡಗುವ ತಾಳ್ಮೆಯವರೂ ಇದ್ದಾರೆ. ಅಂಥವರ ಮುಂದೆ ಕರೆಂಟು ಎಷ್ಟಿದ್ದರೂ ಗುಂಡಿಲ್ಲದ ಬಂದೂಕು ಬರಿಯ ಕಬ್ಬಿಣ. ಹಾಗಾಗಿ ಎಲ್ಲ ಬ್ಯಾಟರಿಗಳನ್ನೂ ಒಂದೇ ಕೋಣೆಯಲ್ಲಿ ಸಾಲಾಗಿ ಜೋಡಿಸುವುದು ನೋಡಲು ಚೆಂದವಾದರೂ ಬುದ್ಧಿವಂತಿಕೆಯ ಲಕ್ಷಣವಲ್ಲ. ಎರಡು ಕಡೆ ಹಂಚಿಟ್ಟ ಎರಡು ಮಧ್ಯಮ ಬ್ಯಾಟರಿಗಳು ಒಟ್ಟು ಸಂಗ್ರಹದಲ್ಲಿ ಒಂದು ದೊಡ್ಡದಕ್ಕಿಂತ 6,000 ಘಟಕದಷ್ಟು ಕಡಿಮೆಯಾದರೂ, ಒಂದು ಸ್ಫೋಟಕ್ಕೆ ಎರಡೂ ಹೋಗುವುದಿಲ್ಲ.

ಇಷ್ಟೆಲ್ಲ ಕಟ್ಟಿದ್ದು ಶಾಶ್ವತವೇನಲ್ಲ. ಪ್ರತಿ ತಿಂಗಳ ಮೊದಲ ಗುರುವಾರ ಆಟದ ಹೊಸ ಆವೃತ್ತಿಯೊಂದಿಗೆ ವೈಪ್ ಎಂಬ ಪ್ರಳಯ ನಡೆದು, ದ್ವೀಪವೂ ಅದರ ಮೇಲಿನ ಎಲ್ಲ ಬೇಸುಗಳೂ ಅಳಿಸಿಹೋಗುತ್ತವೆ. ಶುಕ್ರವಾರ ಎಲ್ಲರೂ ಮತ್ತೆ ಕಲ್ಲು ಹಿಡಿದು ನಿಂತಿರುತ್ತಾರೆ. ಇದರಿಂದ ಎಲೆಕ್ಟ್ರಿಷಿಯನ್ನರು ಎದೆಗುಂದಿದ್ದನ್ನು ಕಂಡವರಿಲ್ಲ. ಪ್ರತಿ ತಿಂಗಳೂ ಹೊಸದಾಗಿ ಕಟ್ಟಬೇಕಾಗಿ ಬರುವುದರಿಂದಲೇ ಅನಗತ್ಯದ ಚಮತ್ಕಾರಗಳು ಉದುರಿ, ಬ್ರಾಂಚುಗಳ ಒಂದು ಸಾಲು, ಒಂದು ಬ್ಲಾಕರ್, ಒಂದು ಆರ್ ಸ್ವಿಚ್, ಒಂದೋ ಎರಡೋ ಮೆಮೊರಿ ಸೆಲ್ ಇಷ್ಟರಲ್ಲಿ ಮುಗಿಯುವ ಗಟ್ಟಿ ವಿನ್ಯಾಸಗಳು ಉಳಿದುಕೊಂಡಿವೆ.

ಹೊಸದಾಗಿ ಈ ಆಟಕ್ಕೆ ಇಳಿಯುವ ಓದುಗರು ಒಂದು ಕೆಲಸವನ್ನು ಮರೆಯಬಾರದು. ಸರ್ಕ್ಯೂಟು ಕಟ್ಟಿ ಮುಗಿಸಿ, ದೀಪಗಳೆಲ್ಲ ಹೊತ್ತಿದ್ದನ್ನು ಕಂಡು ಸಂತೋಷಪಟ್ಟು ಮಲಗಲು ಹೋಗುವ ಮೊದಲು, ಮೂಲದ ಬಳಿಯ ಮುಖ್ಯ ಸ್ವಿಚ್ಚನ್ನು ತಾವೇ ಒಮ್ಮೆ ಆರಿಸಿ, ಬೇಸನ್ನು ಒಳಗಿನಿಂದ ಒಂದು ಸುತ್ತು ಹಾಕಿ ಬರಬೇಕು: ಮೀಸಲು ಬ್ಯಾಟರಿ ಎದ್ದಿತೇ, ಒಳಕೋಣೆಯ ಟರೆಟ್ಟು ಬದುಕಿದೆಯೇ, ನಡುಬಾಗಿಲು ಮುಚ್ಚಿಕೊಂಡಿತೇ ಎಂದು ನೋಡಬೇಕು. ಕಟ್ಟುವಾಗ ಆಗಿರುವ ತಪ್ಪುಗಳಲ್ಲಿ ಹೆಚ್ಚಿನವು ಆ ಒಂದು ಸುತ್ತಿನಲ್ಲೇ ಸಿಕ್ಕಿಬೀಳುತ್ತವೆ. ಹೊರಡುವಾಗ ಆ ಸ್ವಿಚ್ಚನ್ನು ಮತ್ತೆ ಹಾಕಲು ಮರೆಯದಿದ್ದರೆ ಆಯಿತು.